ತಲೆಗೆ ಕಾಯಿಲ್ ಹಿಡಿಸುವ ಮೊದಲು

ನಮಸ್ಕಾರ. ಗೋವಾದಲ್ಲಿ ವಾಸ್ಕೋದ ಬೈನಾ, ಜುವಾರಿನಗರದಿಂದ ಹಿಡಿದು ಆ ಕಡೆ ಮಾಪುಸಾದವರೆಗೆ ಹರಡಿಕೊಂಡಿರುವ ನಮ್ಮ ಕನ್ನಡದ ಮನೆಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಕೇಳಿಬರುತ್ತಿದೆ: ತಲೆಯ ಮೇಲೆ ಯಂತ್ರವಿಟ್ಟು ಕುಡಿತ ಬಿಡಿಸುತ್ತಾರಂತೆ, ಅದು ನಿಜವೇ, ನಮ್ಮವರಿಗೂ ಮಾಡಿಸಬಹುದೇ? ಕೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆಸಿದ ಕುಟುಂಬಗಳವರು. ಬಟವಡೆಯ ದಿನ ಗಂಡನ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಎಣಿಸಿಯೇ ವಾರದ ಸಂತೆ ಮಾಡುವವರು. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಗೆ ಹಣ ಸುರಿದು ಸೋತವರೂ ಅವರಲ್ಲಿದ್ದಾರೆ. ಆ ಪುಡಿಯ ಸಾಲಿಗೇ ಈ ಯಂತ್ರವನ್ನೂ ಸೇರಿಸಿ ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಇದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಮದ್ಯವ್ಯಸನಕ್ಕೆ ಇದನ್ನು ಹಣ ಪಡೆದು ಮಾರಾಟ ಮಾಡುವಷ್ಟು ಪುರಾವೆ ಮಾತ್ರ ಇನ್ನೂ ಕೂಡಿಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಚಿಕಿತ್ಸೆ ಏನೆಂದು ನೋಡೋಣ. ಇದರ ಹೆಸರು ಟಿಎಂಎಸ್, ಅಂದರೆ ತಲೆಬುರುಡೆಯ ಹೊರಗಿನಿಂದಲೇ ಕಾಂತಶಕ್ತಿಯಿಂದ ಮಿದುಳನ್ನು ಚೋದಿಸುವುದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. 'ಕಾಯಿಲ್' ಎಂಬ ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಪ್ರಬಲವಾದ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ತಲೆಬುರುಡೆಯನ್ನು ನೋವಿಲ್ಲದೆ ದಾಟಿ, ಒಳಗಿನ ನರಕೋಶಗಳಲ್ಲಿ ಸಣ್ಣದೊಂದು ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತದೆ. ಶಾಲೆಯಲ್ಲಿ ಓದಿದ ಫ್ಯಾರಡೆಯ ತತ್ವವೇ ಇದು. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾನೆ, ಕಿವಿಗೆ ಸದ್ದು ತಡೆಯುವ ಬಿರಡೆ ಹಾಕಿರುತ್ತಾರೆ, ಏಕೆಂದರೆ ಕಾಯಿಲ್ ಮರಕುಟಿಗದಂತೆ ಟಕಟಕ ಎನ್ನುತ್ತದೆ. ಮೊದಲು ಕೈಯ ಚಲನೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗದ ಮೇಲೆ ಕಾಯಿಲ್ ಇಟ್ಟು, ಎಷ್ಟು ಬಲಕ್ಕೆ ಹೆಬ್ಬೆರಳು ತಾನಾಗಿ ಮಿಡಿಯುತ್ತದೆ ಎಂದು ಅಳೆಯುತ್ತಾರೆ. ಆ ಅಳತೆಯ ಮೇಲೆ ಆ ರೋಗಿಯ ಡೋಸ್ ನಿರ್ಧಾರವಾಗುತ್ತದೆ. ಆಮೇಲೆ ಕಾಯಿಲನ್ನು ಮುಂದಕ್ಕೆ, ಹಣೆಯ ಕಡೆಗೆ ಸರಿಸುತ್ತಾರೆ. ನಮ್ಮ ಜನ 'ಕರೆಂಟ್ ಕೊಡುವುದು' ಎಂದು ಹೆದರುವ ಇಸಿಟಿ, ಅಂದರೆ ಅರಿವಳಿಕೆ ಕೊಟ್ಟು ವಿದ್ಯುತ್ತಿನಿಂದ ಫಿಟ್ಸ್ ಬರಿಸುವ ಚಿಕಿತ್ಸೆ, ಬೇರೆ, ಇದು ಬೇರೆ. ಇಲ್ಲಿ ಅರಿವಳಿಕೆ ಇಲ್ಲ, ಫಿಟ್ಸ್ ಬರಿಸುವ ಉದ್ದೇಶವೂ ಇಲ್ಲ. ಟಿಡಿಸಿಎಸ್ ಎಂಬ ಇನ್ನೊಂದು, ಇನ್ನೂ ಅಗ್ಗದ ವಿಧಾನವಿದೆ: ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜುಗಳನ್ನು ತಲೆಗೆ ಕಟ್ಟಿ, 1ರಿಂದ 2 ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ.

ಕುಡಿತಕ್ಕೂ ಹಣೆಯ ಹಿಂದಿನ ಮಿದುಳಿಗೂ ಏನು ಸಂಬಂಧ? 'ಬೇಡ' ಎಂದು ತಡೆಯುವ, ನಾಳೆಯನ್ನು ಲೆಕ್ಕ ಹಾಕುವ ಕೆಲಸ ಹೆಚ್ಚಾಗಿ ಆ ಭಾಗದ್ದು. ವರ್ಷಗಟ್ಟಲೆ ಕುಡಿದವರಲ್ಲಿ ಅದರ ಹಿಡಿತ ಸಡಿಲವಾಗಿ, ಬಾಟಲಿಯ ವಾಸನೆ ಅಥವಾ ಬಾರಿನ ಬೋರ್ಡು ಕಂಡರೂ ಏಳುವ ತಹತಹ ಮೇಲುಗೈ ಪಡೆಯುತ್ತದೆ. ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಮಿದುಳಿಗೆ ಪೆಟ್ಟಾದ 129 ಧೂಮಪಾನಿಗಳನ್ನು ಅಭ್ಯಸಿಸಿ 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಕುತೂಹಲದ ವಿಷಯ ಹೇಳಿತು. ಅವರಲ್ಲಿ ಕೆಲವರ ಚಟ ಪೆಟ್ಟಿನ ನಂತರ ಥಟ್ಟನೆ ಬಿಟ್ಟುಹೋಗಿತ್ತು. ಅಂಥವರ ಗಾಯಗಳು ಮಿದುಳಿನ ಒಂದೇ ಜಾಗದಲ್ಲಿ ಇರಲಿಲ್ಲವಾದರೂ ಒಂದೇ ಜಾಲಕ್ಕೆ ಸೇರಿದ್ದವು, ಮತ್ತು ಅದೇ ಜಾಲಕ್ಕೆ ಮದ್ಯವ್ಯಸನದ ಅಪಾಯದೊಂದಿಗೂ ನಂಟಿರುವುದು ಕಂಡುಬಂತು. ಯಾವ ಜಾಗಕ್ಕೆ ಕಾಯಿಲ್ ಹಿಡಿಯಬೇಕು ಎಂಬ ಹುಡುಕಾಟಕ್ಕೆ ಇದರಿಂದ ಒಂದು ದಿಕ್ಕು ಸಿಕ್ಕಿದೆ.

ಪ್ರಯೋಗಗಳಲ್ಲಿ ಭಾರತದ ಪಾಲು ಸಣ್ಣದಲ್ಲ. ರಾಂಚಿಯ ಕೇಂದ್ರೀಯ ಮನೋಚಿಕಿತ್ಸಾ ಸಂಸ್ಥೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಮಂದಿ ಮದ್ಯವ್ಯಸನಿಗಳಿದ್ದರು; 30 ಮಂದಿಗೆ ಬಲ ಹಣೆಯ ಹಿಂದಿನ ಮಿದುಳಿಗೆ ನಿಜವಾದ ಟಿಎಂಎಸ್, 15 ಮಂದಿಗೆ ಸದ್ದಷ್ಟೇ ಮಾಡುವ ಹುಸಿ ಚಿಕಿತ್ಸೆ. ಹತ್ತು ಸುತ್ತುಗಳ ನಂತರ ನಿಜವಾದದ್ದನ್ನು ಪಡೆದವರ ತಹತಹ ಹೆಚ್ಚು ತಗ್ಗಿತ್ತು. ಇನ್ನೂ ಆಳಕ್ಕೆ ಮುಟ್ಟುವ ಕಾಯಿಲ್ ಬಳಸಿ ವಿದೇಶದಲ್ಲಿ 51 ಮಂದಿಯ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಪರೀತ ಕುಡಿದ ದಿನಗಳ ಪ್ರಮಾಣ ಹುಸಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 10.6 ಇದ್ದರೆ ನಿಜವಾದ ಚಿಕಿತ್ಸೆಯ ಗುಂಪಿನಲ್ಲಿ ಶೇ. 2.9 ಇತ್ತು. ಇದು ಕಡೆಗಣಿಸುವಂಥ ಅಂತರವಲ್ಲ. ಆದರೆ 45, 51 ಎಂಬ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಮೇಲಾಗಿ, ಒಬ್ಬರು ಎಡಭಾಗಕ್ಕೆ ಕೊಡುತ್ತಾರೆ, ಇನ್ನೊಬ್ಬರು ಬಲಕ್ಕೆ. ಫಲಿತಾಂಶ ಒಂದು ಕಡೆ ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಕೆಲವರು ಅಳೆದದ್ದು ತಹತಹವನ್ನು ಮಾತ್ರ, ಹೊಟ್ಟೆಗೆ ಇಳಿದ ಮದ್ಯವನ್ನಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು 'ಈಗ ಆಸೆ ಕಡಿಮೆಯಾಗಿದೆ' ಎನ್ನುವುದಕ್ಕೂ, ಬೇಸಿಗೆಯಲ್ಲಿ ಗೇರುಹಣ್ಣಿನ ಮದ್ಯವಾದ ಉರ್ರಾಕ್ ಇಳಿಸುವ ಊರಿನಲ್ಲಿ ಭಾನುವಾರ ಕಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಟಿಎಂಎಸ್‌ಗೆ ಖಿನ್ನತೆಗಾಗಿ 2008ರಲ್ಲಿ, ಧೂಮಪಾನ ಬಿಡಿಸಲು 2020ರಲ್ಲಿ ಅನುಮತಿ ಕೊಟ್ಟಿತು, ಮದ್ಯಕ್ಕೆ ಕೊಟ್ಟಿಲ್ಲ. ಅನುಮತಿ ಸಿಕ್ಕ ಧೂಮಪಾನದ ಲೆಕ್ಕವನ್ನೇ ತೆಗೆದುಕೊಳ್ಳಿ. 262 ಮಂದಿಯ ಆ ಪ್ರಯೋಗದಲ್ಲಿ ಸತತ ನಾಲ್ಕು ವಾರ ಸಿಗರೇಟು ಬಿಟ್ಟವರು ನಿಜವಾದ ಚಿಕಿತ್ಸೆಯಲ್ಲಿ ಶೇ. 19.4, ಹುಸಿಯಲ್ಲಿ ಶೇ. 8.7. ಅಂದರೆ ಯಂತ್ರ ಕೆಲಸ ಮಾಡಿತು, ಆದರೂ ಐವರಲ್ಲಿ ನಾಲ್ವರು ಬಿಡಲಿಲ್ಲ. ಜಾಹೀರಾತಿನ ವಿಡಿಯೊಗಳಲ್ಲಿ ಈ ನಾಲ್ವರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಇನ್ನು ಅಪಾಯದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತಲೆಯಲ್ಲಿ ಲೋಹದ ಕ್ಲಿಪ್ ಅಥವಾ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಶಸ್ತ್ರಚಿಕಿತ್ಸೆಯಿಂದ ಕೂರಿಸಿದ ಸಾಧನ) ಇರುವವರಿಗೆ ಟಿಎಂಎಸ್ ಸಲ್ಲದು. ಉಳಿದವರಿಗೆ ತಲೆನೋವು, ನೆತ್ತಿಯ ಉರಿ ಬಿಟ್ಟರೆ ದೊಡ್ಡ ತೊಂದರೆ ಅಪರೂಪ. ಅಪರೂಪವಾದರೂ ಗಂಭೀರವಾದದ್ದು ಫಿಟ್ಸ್. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದಾಗ ಏನಾಗುತ್ತದೆ ಎಂಬುದು ಆ ಮನೆಯವರಿಗೆ ಗೊತ್ತು: ಮರುದಿನ ಬೆಳಿಗ್ಗೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತದೆ, ಅಂಗಿ ಬೆವರಿನಿಂದ ಒದ್ದೆಯಾಗುತ್ತದೆ, ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ, ಆಮೇಲೆ ಇಲ್ಲದ ಜನರೊಡನೆ ಮಾತನಾಡುವ ಸನ್ನಿ ಹಿಡಿಯಬಹುದು, ಅದರಿಂದ ಪ್ರಾಣವೂ ಹೋಗಬಹುದು. ಆ ಹೊತ್ತಿನಲ್ಲಿ ಮಿದುಳು ಮೊದಲೇ ಕೆರಳಿರುತ್ತದೆ. ಅಂಥವನನ್ನು ತಪಾಸಣೆಯಿಲ್ಲದೆ ಕುರ್ಚಿಯಲ್ಲಿ ಕೂರಿಸಿ ಕಾಯಿಲ್ ಹಿಡಿಯುವುದು ಹುಡುಗಾಟವಲ್ಲ. ಅವನಿಗೆ ಮೊದಲು ಬೇಕಾದದ್ದು ಆಸ್ಪತ್ರೆಯ ಹಾಸಿಗೆ, ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದು, ನಡುಕ ತಗ್ಗಿಸುವ ಔಷಧಿ. ಬಾಂಬೋಲಿಯಲ್ಲಿ ಸರ್ಕಾರದ್ದೇ ಮನೋಚಿಕಿತ್ಸಾ ಆಸ್ಪತ್ರೆಯಿದೆ.

ವಿಪರ್ಯಾಸವೆಂದರೆ, ಯಂತ್ರವೇ ಇಲ್ಲದ ಒಂದು ಚಿಕಿತ್ಸೆಯನ್ನು ಪರೀಕ್ಷಿಸಿ ತೋರಿಸಿದ್ದು ಇದೇ ಗೋವಾದಲ್ಲಿ. ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಸಂಗಾತ್ ಸಂಸ್ಥೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುವ ಗಂಡಸರೊಡನೆ ಕೆಲವೇ ಭೇಟಿಗಳಲ್ಲಿ ಮಾತನಾಡಿಸಿತು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ 377 ಮಂದಿಯ ಆ ಪ್ರಯೋಗದಲ್ಲಿ, ಮೂರು ತಿಂಗಳ ನಂತರ ಹಿಂದಿನ 14 ದಿನ ಒಂದು ಹನಿಯೂ ಮುಟ್ಟದವರು ಆಪ್ತಸಮಾಲೋಚನೆ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 18. ಪೂರ್ತಿ ವ್ಯಸನಕ್ಕೆ ಬಿದ್ದವರಿಗೆ ಇದು ಸಾಲದು, ನಿಜ. ಅಂಥವರಿಗೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ಅವೂ ದಶಕಗಳಿಂದ ಬಳಕೆಯಲ್ಲಿವೆ. ಹೀಗಿದ್ದೂ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 38 ಮದ್ಯವ್ಯಸನಿಗಳಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಗುತ್ತದೆ. ಉಳಿದ 37 ಮಂದಿಗೆ ಮಾತ್ರೆಯೂ ಮುಟ್ಟಿಲ್ಲ, ಮಾತೂ ಮುಟ್ಟಿಲ್ಲ. ಅವರನ್ನು ನೇರವಾಗಿ ಯಂತ್ರದ ಮುಂದೆ ಕೂರಿಸುವ ಆತುರ ಯಾರದು?

ನಾನು ವೈದ್ಯನಲ್ಲ, ಯಂತ್ರದ ವಿರೋಧಿಯೂ ಅಲ್ಲ. ಮಾತ್ರೆ, ಆಪ್ತಸಮಾಲೋಚನೆ ಎರಡೂ ಸೋತವರಿಗೆ ಇದು ಮುಂದೆ ಒಂದು ಆಸರೆಯಾದೀತು. ಅದಕ್ಕೆ ನೂರಾರು ಮಂದಿಯ, ಕನಿಷ್ಠ ಒಂದು ವರ್ಷ ಹಿಂಬಾಲಿಸುವ, ಕುಡಿದದ್ದನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವ ಪ್ರಯೋಗಗಳು ಬೇಕು. ಅಲ್ಲಿಯವರೆಗೆ ಯಾರಾದರೂ ಈ ಚಿಕಿತ್ಸೆ ಕೊಡುತ್ತೇವೆಂದರೆ, ಇದು ಪ್ರಯೋಗವೇ ಎಂದು ನೇರವಾಗಿ ಕೇಳಿ. ಭಾರತದಲ್ಲಿ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಇರಬೇಕು, ಮೊಬೈಲಿನಲ್ಲಿಯೇ ಅದನ್ನು ಯಾರು ಬೇಕಾದರೂ ನೋಡಬಹುದು. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ನೋಂದಣಿ ಸಂಖ್ಯೆ ಕೊಟ್ಟರೆ ವೈದ್ಯರೊಡನೆ ಮಾತನಾಡಿ ಒಪ್ಪಬಹುದು. ಸಂಖ್ಯೆ ಕೊಡದೆ ಪ್ಯಾಕೇಜಿನ ದರ ಹೇಳಲು ಶುರುಮಾಡಿದರೆ ಕಿವಿಯ ಓಲೆಯನ್ನು ಅಡವಿಡಬೇಡಿ. 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು.