ಸುಡುವ ಬಿಸಿಲಲ್ಲಿ ಎಲೆಯನ್ನು ಕಾಯುವ ವಿಟಮಿನ್ ಸಿ

[ದೃಶ್ಯ: ತಾರಸಿಯ ಮೇಲೆ ಕುಂಡದಲ್ಲಿ ಮೆಣಸಿನ ಸಸಿ. ಕ್ಯಾಮೆರಾ ಒಂದು ಎಲೆಯ ಹತ್ತಿರ ಹೋಗುತ್ತದೆ.]

ನಮಸ್ಕಾರ. ಈ ಎಲೆ ನೋಡಿ. ನಡುವೆ ಬೆಳ್ಳಗಾಗಿದೆ, ಮುಟ್ಟಿದರೆ ಒಣಗಿದ ಕಾಗದದ ಹಾಗೆ ಸರಪರ ಅನ್ನುತ್ತದೆ. ನರ್ಸರಿಯ ಶೇಡ್ ನೆಟ್ ಕೆಳಗೆ ಬೆಳೆದ ಸಸಿ ಇದು. ತಂದ ದಿನವೇ ಏಪ್ರಿಲ್ ಬಿಸಿಲಿಗೆ ಇಟ್ಟೆ. ನೀರು ಚೆನ್ನಾಗಿಯೇ ಹಾಕಿದ್ದೆ. ಆದರೂ ಮೂರೇ ದಿನಕ್ಕೆ ಹೀಗಾಯಿತು. ತುಂಬಾ ಬೇಜಾರಾಯಿತು.

ಬಿಸಿಲಿದ್ದರೇ ಗಿಡಕ್ಕೆ ಊಟ, ಅಲ್ವಾ? ಮತ್ತೆ ಅದೇ ಬಿಸಿಲು ಸುಟ್ಟಿದ್ದೇಕೆ?

[ದೃಶ್ಯ: ಎಲೆಯ ಒಳಗಿನ ಚಿತ್ರ. ಮುಚ್ಚಿಕೊಳ್ಳುತ್ತಿರುವ ಪತ್ರರಂಧ್ರಗಳು.]

ಮಟಮಟ ಮಧ್ಯಾಹ್ನ ನೀರು ಉಳಿಸಿಕೊಳ್ಳಲು ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಒಳಗೆ ಬರುವ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಸಕ್ಕರೆ ಮಾಡಲು ಬಳಕೆಯಾಗದೆ ಮಿಕ್ಕ ಶಕ್ತಿಯಲ್ಲಿ ಒಂದಿಷ್ಟು ಆಮ್ಲಜನಕದ ಪಾಲಾಗುತ್ತದೆ. ಅದರಿಂದ ಹುಟ್ಟುವುದು ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುತ್ತದಲ್ಲ, ಅದೇ. ಆ ನೊರೆ ಬರುವುದು ನಮ್ಮ ರಕ್ತದಲ್ಲಿರುವ ಕೆಟಲೇಸ್ ಕಿಣ್ವ ಅದನ್ನು ಒಡೆಯುವುದರಿಂದ. ಒಡೆಯದೆ ಜಾಸ್ತಿಯಾದರೆ ಪೆರಾಕ್ಸೈಡ್ ಎಲೆಯನ್ನೇ ಹಾಳುಮಾಡುತ್ತದೆ. ಆದರೆ ಎಲೆಯೊಳಗೆ ಸಕ್ಕರೆ ತಯಾರಾಗುವ ಪುಟ್ಟ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್‌ನಲ್ಲಿ ಕೆಟಲೇಸ್ ಇಲ್ಲ. ಅಲ್ಲಿ ಆ ಕೆಲಸಕ್ಕೆ ನಿಲ್ಲುವುದು ಮುಖ್ಯವಾಗಿ ವಿಟಮಿನ್ ಸಿ.

ಅದು ತನ್ನ ಎಲೆಕ್ಟ್ರಾನ್ ಕೊಟ್ಟು ಪೆರಾಕ್ಸೈಡನ್ನು ನೀರಾಗಿಸುತ್ತದೆ. ಕೊಟ್ಟ ಮೇಲೆ ತಾನು ಖಾಲಿ. ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತದೆ: ಖಾಲಿಯಾದ ವಿಟಮಿನ್ ಸಿಯನ್ನು ಗಿಡ ಬೆಳಕಿನ ಶಕ್ತಿಯಿಂದಲೇ ಮತ್ತೆ ತುಂಬಿಸಿಕೊಳ್ಳುತ್ತದೆ! ಈ ಚಕ್ರವನ್ನು ಫೊಯರ್, ಹ್ಯಾಲಿವೆಲ್, ಅಸಾದಾ ಎಂಬ ವಿಜ್ಞಾನಿಗಳ ಹೆಸರಿನಲ್ಲಿ ಕರೆಯುತ್ತಾರೆ. ಜೊತೆಗೆ ಜಾಸ್ತಿಯಾದ ಬೆಳಕನ್ನು ಶಾಖವಾಗಿ ಹೊರಹಾಕಲು ಎಲೆಗೆ ಝಿಯಾಝ್ಯಾಂಥಿನ್ ಎಂಬ ಹಳದಿ ಬಣ್ಣದ ವಸ್ತು ಬೇಕು. ಅದು ತಯಾರಾಗಲೂ ವಿಟಮಿನ್ ಸಿ ಬೇಕು.

[ದೃಶ್ಯ: ಗಾಜಿನ ತಟ್ಟೆಯಲ್ಲಿ ಪುಟ್ಟ ಮೊಳಕೆಗಳು.]

ವಿಟಮಿನ್ ಸಿ ಇಲ್ಲದಿದ್ದರೆ? ಅರಾಬಿಡಾಪ್ಸಿಸ್ ಅಂತ ಸಾಸಿವೆಯ ನಂಟಿನ ಒಂದು ಪುಟ್ಟ ಗಿಡವಿದೆ. ಅದರಲ್ಲಿ ವಿಟಮಿನ್ ಸಿ ತಯಾರಿಕೆಗೆ ಬೇಕಾದ ಎರಡು ಜೀನ್‌ಗಳನ್ನು ಕೆಡಿಸಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಮೊಳಕೆಯೊಡೆದ ಕೂಡಲೇ ಬೆಳವಣಿಗೆ ನಿಂತಿತು, ಎಲೆ ಬಿಳಿಚಿತು. ಹೊರಗಿನಿಂದ ವಿಟಮಿನ್ ಸಿ ಕೊಟ್ಟಾಗ ಮತ್ತೆ ಬೆಳೆಯಿತು.

ವಿಟಮಿನ್ ಸಿ ಅಂದರೆ ನಿಂಬೆ, ನೆಲ್ಲಿಕಾಯಿ ಅಂತಲೇ ನಾವು ಅಂದುಕೊಳ್ಳುತ್ತೇವೆ. ಆದರೆ ನುಗ್ಗೆಸೊಪ್ಪು ನೋಡಿ. ತೂಕಕ್ಕೆ ತೂಕ ಇಟ್ಟರೆ ಹಸಿ ಸೊಪ್ಪಿನಲ್ಲಿ ಕಿತ್ತಳೆಗಿಂತ ಜಾಸ್ತಿ ವಿಟಮಿನ್ ಸಿ ಇರುತ್ತದೆ. ಗಿಡ ಅದನ್ನು ಮಾಡಿಕೊಳ್ಳುವುದು ತನಗಾಗಿ.

ಈಗ ನನ್ನ ಸಸಿಯ ತಪ್ಪಲ್ಲ ಅಂತ ಗೊತ್ತಾಯಿತಲ್ಲ? ನೆರಳಲ್ಲಿ ಬೆಳೆದ ಎಲೆಯಲ್ಲಿ ವಿಟಮಿನ್ ಸಿ ಕಡಿಮೆ ಇರುತ್ತದೆ. ಬೆಳಕು ಹೆಚ್ಚಿದ ಹಾಗೆ ಅದೂ ಹೆಚ್ಚುತ್ತದೆ, ಆದರೆ ಅದಕ್ಕೆ ಕೆಲವು ದಿನ ಬೇಕು. ನಾನು ಆ ದಿನಗಳನ್ನೇ ಕೊಡಲಿಲ್ಲ.

[ದೃಶ್ಯ: ಪಕ್ಕದಲ್ಲಿ ಇನ್ನೊಂದು ಸಸಿ.]

ಇದನ್ನು ಮೊದಲು ಬೆಳಗಿನ ಎಳೆಬಿಸಿಲಿಗೆ ಮಾತ್ರ ಇಟ್ಟೆ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತಾ ಹೋದೆ. ಇವತ್ತಿಗೆ ಹನ್ನೆರಡು ದಿನ. ಈಗ ಮಧ್ಯಾಹ್ನ ಒಂದು ಗಂಟೆ, ನೆತ್ತಿಯ ಮೇಲೆ ಸೂರ್ಯ. ಎಲೆ ನೋಡಿ, ಒಂದೂ ಮಚ್ಚೆಯಿಲ್ಲ.