ಒಂದು ಎಂದರೆ ಎಷ್ಟು ಮಳೆ?

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನಿನ್ನೆ ಎಷ್ಟು ಮಳೆಯಾಯಿತು ಎಂದು ಕೇಳಿ ನೋಡಿ. ‘ಒಂದು ಇಂಚು ಇಪ್ಪತ್ತು ಸೆಂಟು’ ಎನ್ನುತ್ತಾರೆ. ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಇಂಚಿಗೆ 25.4 ಮಿಲಿಮೀಟರ್. ಈ ಎರಡು ಅಳತೆಗಳ ನಡುವೆ ನಾನೊಮ್ಮೆ ಜಾರಿ ಬಿದ್ದೆ.

ಮೂಡಿಗೆರೆ ಕಡೆಯ ತೋಟವೊಂದಕ್ಕೆ ಮೊಬೈಲ್ ಆ್ಯಪ್ ಬರೆಯುತ್ತಿದ್ದೆ. ಮಳೆಯ ಲೆಕ್ಕವನ್ನು ಬೇರೊಂದು ಸಂಸ್ಥೆಯ ತಂತ್ರಾಂಶದಿಂದ ತರಿಸಿಕೊಳ್ಳಬೇಕಿತ್ತು. ಹೀಗೆ ಒಂದು ತಂತ್ರಾಂಶ ಇನ್ನೊಂದನ್ನು ಕೇಳಿ ಉತ್ತರ ಪಡೆಯುವ ಏರ್ಪಾಡಿಗೆ ಎಪಿಐ ಎನ್ನುತ್ತೇವೆ. ಕೇಳಿದೆ. ‘ರೈನ್: 1’ ಎಂದು ಉತ್ತರ ಬಂತು. ವಿವರಣೆಯ ಪುಟದಲ್ಲಿದ್ದದ್ದು ‘ಮಳೆಯ ಪ್ರಮಾಣ’ ಎಂಬಷ್ಟೇ. ತೋಟದವರ ನಡುವೆ ಬೆಳೆದ ನಾನು ಇಂಚೆಂದುಕೊಂಡೆ.

ಅದು ಮಾರ್ಚ್, ಹೂಮಳೆಯ ಕಾಲ. ಇಂಚು ಮಳೆ ಬಿದ್ದರೆ ರೊಬಸ್ಟಾ ಕಾಫಿಯ ಮೊಗ್ಗು ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ, ಸ್ಪ್ರಿಂಕ್ಲರಿನ ಖರ್ಚು ಉಳಿಯುತ್ತದೆ. ಒಂದು ಮಿಲಿಮೀಟರ್ ಮಳೆಗೆ ದಾರಿಯ ಧೂಳೂ ಅಡಗುವುದಿಲ್ಲ. ನನ್ನ ಆ್ಯಪ್ ‘ಹೂಮಳೆ ಆಗಿದೆ’ ಎಂದು ಸಾರಿತು. ತೋಟದ ಲೆಕ್ಕ ಬರೆಯುವ ರೈಟರು ಮಳೆಮಾಪಕವನ್ನು ಎತ್ತಿ ನೋಡಿ ನಕ್ಕರು. ಪುಣ್ಯಕ್ಕೆ ಅವರಿಗೆ ನನಗಿಂತ ಮಾಪಕದ ಮೇಲೆ ನಂಬಿಕೆಯಿತ್ತು.

ಸಂಸ್ಥೆಗೆ ಬರೆದೆ. ‘ಮಿಲಿಮೀಟರ್ ಎಂದು ಎಲ್ಲರಿಗೂ ಗೊತ್ತಲ್ಲ’ ಎಂಬ ಉತ್ತರ ಬಂತು. ಸಿಟ್ಟು ಬಂದದ್ದು ‘ಎಲ್ಲರಿಗೂ’ ಎಂಬ ಮಾತಿಗೆ. ಎಪಿಐ ರೂಪಿಸುವವರಿಗೆ ಪಕ್ಕದ ಮೇಜಿನ ನಾಲ್ವರೇ ಎಲ್ಲರೂ. ನನ್ನ ‘ಎಲ್ಲರೂ’ ತೋಟದವರಾಗಿದ್ದರು ಎಂಬುದು ಹೊಳೆದಾಗ ಸಿಟ್ಟು ಅರ್ಧ ಇಳಿಯಿತು.

1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳನ ಬಳಿ ನಾಶವಾದದ್ದೂ ಇಂಥದ್ದೇ ಎಡವಟ್ಟಿನಿಂದ. ಒಂದು ತಂತ್ರಾಂಶ ನೌಕೆಯನ್ನು ತಳ್ಳುವ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಎಂದು ಓದಿಕೊಂಡಿತು. ನ್ಯೂಟನ್‌ನಲ್ಲೇ ಕೊಡಬೇಕೆಂದು ಕಾಗದದ ಮೇಲೆ ಬರೆದಿಟ್ಟಿತ್ತು, ಆದರೂ ಹೀಗಾಯಿತು. ಹಾಗಾಗಿ ‘ವಿವರಣೆ ಬರೆದೆವು, ಓದದಿದ್ದರೆ ನಿಮ್ಮ ಪಾಡು’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಳತೆ ‘ರೈನ್’ನಂಥ ಹೆಸರಿನೊಳಗೇ ಇರಬೇಕು.

ಇದನ್ನೆಲ್ಲ ಎಪಿಐ ರೂಪಿಸುವಾಗಲೇ ಕೇಳಿಕೊಳ್ಳಬೇಕು, ಬಳಕೆಗೆ ಬಂದ ಮೇಲೆ ತಿದ್ದುವುದು ಕಷ್ಟ. ತಂತ್ರಾಂಶ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ದಿನಾಂಕದಲ್ಲಿ ಮಾರ್ಚ್ ಎಂದರೆ 3 ಅಲ್ಲ, 2, ಜನವರಿ ಸೊನ್ನೆ. ತಾರೀಕು ಮಾತ್ರ 1ರಿಂದಲೇ! 1995ರಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯಿಂದ ಎತ್ತಿಕೊಂಡ ಈ ಕ್ರಮವನ್ನು ಈಗ ಬದಲಿಸಿದರೆ ಅದನ್ನೇ ನಂಬಿ ಬರೆದ ತಂತ್ರಾಂಶಗಳ ಲೆಕ್ಕ ತಪ್ಪುತ್ತದೆ.

ಆ ಸಂಸ್ಥೆಯವರೂ ಹಳೆಯ ‘ರೈನ್’ ಅನ್ನು ತೆಗೆಯದೆ ಅದರ ಪಕ್ಕದಲ್ಲಿ ‘ರೈನ್ ಎಂಎಂ’ ಎಂದು ಹೊಸದೊಂದನ್ನು ಸೇರಿಸಿದರು. ನಾನು ಆ್ಯಪ್‌ನಲ್ಲಿ ಮಿಲಿಮೀಟರ್, ಇಂಚು ಎರಡನ್ನೂ ತೋರಿಸಿದೆ. ರೈಟರು ಕನ್ನಡಕ ಏರಿಸಿ ನೋಡಿ, ಇಂಚನ್ನಷ್ಟೇ ತಮ್ಮ ಮಳೆ ಪುಸ್ತಕಕ್ಕೆ ಬರೆದುಕೊಂಡರು.