ರೋಮ್‌ನಲ್ಲಿ ಒಂದು ದಿನ, ಗೈಡ್ ಜೊತೆ

ಕೇಳುಗರಿಗೆ ನಮಸ್ಕಾರ.

ರೋಮ್ ನೋಡಿ ಬಂದವರು ಸಿಕ್ಕಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಎಲ್ಲಿ ಜಾಸ್ತಿ ಹೊತ್ತು ನಿಂತಿರಿ? ಬಹಳ ಜನ ತಡವರಿಸುತ್ತಾರೆ. "ಒಂದೇ ದಿನದಲ್ಲಿ ಹನ್ನೆರಡು ಜಾಗ ನೋಡಿದ್ವಿ ಸಾರ್" ಅನ್ನುತ್ತಾರೆ. ಯಾವ ಹನ್ನೆರಡು ಅಂದರೆ ಫೋನ್ ತೆಗೆದು ಫೋಟೊ ಹುಡುಕಲು ಶುರು ಮಾಡುತ್ತಾರೆ.

ನಾನು ಇಪ್ಪತ್ತು ವರ್ಷದಿಂದ ಪ್ರವಾಸಿ ತಂಡಗಳ ಜೊತೆ ಓಡಾಡುತ್ತಿರುವವನು. ಗೈಡ್ ಜೊತೆ ಒಂದು ದಿನದಲ್ಲಿ ದೊಡ್ಡ ಊರು ನೋಡುವುದು ಹೇಗೆ, ಹೇಳಿ ಎಂದು ಇವತ್ತು ಇಲ್ಲಿಗೆ ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಟೂರ್ ಪಟ್ಟಿ ಕೈಗೆ ಬಂದ ಕೂಡಲೇ ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ಜಾಗದ ಮುಂದೆ, ಅಲ್ಲಿ ಎಷ್ಟು ನಿಮಿಷ ನಿಲ್ಲುತ್ತೀರಿ ಎಂದು ಕೇಳಿ ಬರೆಯಿರಿ. ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಎಂಟು ಗಂಟೆಯ ಟೂರ್. ಊಟಕ್ಕೆ ಒಂದು ಗಂಟೆ. ಶೌಚಾಲಯದ ಸಾಲು, ತಲೆ ಎಣಿಸುವುದು, ತಪ್ಪಿಸಿಕೊಂಡವರನ್ನು ಹುಡುಕುವುದು, ಇದಕ್ಕೆ ಇನ್ನೊಂದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಕ್ಕೆ ಎರಡು. ಉಳಿಯಿತು ನಾಲ್ಕು ಗಂಟೆ. ಹನ್ನೆರಡು ಜಾಗ ಅಂದರೆ ಒಂದೊಂದಕ್ಕೆ ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಫೋಟೊಗೆ ಹೋಗುತ್ತದೆ. ಇನ್ನು ಹತ್ತು ನಿಮಿಷದಲ್ಲಿ ಗೈಡ್ ಪಾಪ ಎರಡು ಸಾವಿರ ವರ್ಷದ ಕಥೆ ಹೇಳಬೇಕು!

ಪಟ್ಟಿಯಲ್ಲಿ "ಕೊಲೋಸಿಯಮ್" ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ, ಹಳೆಯ ರೋಮನ್ನರು ಕಾಳಗ ನೋಡುತ್ತಿದ್ದ ದೊಡ್ಡ ಅಖಾಡ ಅದು. ಒಳಗೆ ಹೋಗುತ್ತೀರೋ, ಬಸ್ಸಿನ ಕಿಟಕಿಯಿಂದ ನೋಡುತ್ತೀರೋ, ಅದನ್ನು ಹಾಕಿರುವುದಿಲ್ಲ. ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ?

ಈ ಬುದ್ಧಿ ನನಗೆ ಬಂದದ್ದು ಒಂದು ನವೆಂಬರ್ ಬೆಳಿಗ್ಗೆ. ಹದಿನಾಲ್ಕು ಜನರ ತಂಡ. ಗೈಡ್ ಅರವತ್ತು ದಾಟಿದ ಹೆಂಗಸು. ಗುರುತಿಗೆ ಮಡಚಿದ ಹಳದಿ ಕೊಡೆಯನ್ನು ಮೇಲೆತ್ತಿ ಹಿಡಿದು ನಡೆಯುತ್ತಿದ್ದರು. ತಂಡದಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದರು. ಕೈಯಲ್ಲಿ ಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ನು. ಒಂದು ಜಾಗ ಮುಗಿದರೆ ಟಿಕ್, ಮುಂದೆ ಯಾವುದು? ನಾನೂ ಅವರ ಹಾಗೇ ಇದ್ದೆ. ಪದೇ ಪದೇ ಗಡಿಯಾರ ನೋಡುವುದೇ ನನ್ನ ಕೆಲಸ ಎಂದುಕೊಂಡಿದ್ದೆ.

ಪ್ಯಾಂಥಿಯನ್ ಎಂಬ ಹಳೆಯ ರೋಮನ್ ದೇವಸ್ಥಾನದ ಮುಂದೆ ನಿಂತೆವು. ಎದುರಿಗೆ ಗ್ರಾನೈಟ್ ಕಂಬಗಳು, ಒಟ್ಟು ಹದಿನಾರು, ಈಜಿಪ್ಟಿನಿಂದ ತಂದವು. ಗೈಡ್ ಕೊಡೆಯ ತುದಿಯಿಂದ ಮೇಲಿನ ದೊಡ್ಡ ಅಕ್ಷರಗಳನ್ನು ತೋರಿಸಿದರು. ಅಗ್ರಿಪ್ಪ ಎಂಬ ರೋಮನ್ ಸೇನಾಪತಿ ಇದನ್ನು ಕಟ್ಟಿಸಿದ ಎಂದು ಅಲ್ಲಿ ಕೆತ್ತಿದ್ದಾರೆ. "ಆದರೆ ಈಗ ನೀವು ನೋಡುತ್ತಿರುವುದು ಅವನು ಕಟ್ಟಿಸಿದ್ದಲ್ಲ" ಎಂದರು. ಅಗ್ರಿಪ್ಪನ ಕಟ್ಟಡ ಸುಟ್ಟುಹೋಯಿತು. ಸುಮಾರು ಕ್ರಿ.ಶ. 126ರ ಹೊತ್ತಿಗೆ ಈ ಕಟ್ಟಡ ಮುಗಿಸಿದವನು ಹೇಡ್ರಿಯನ್ ಚಕ್ರವರ್ತಿ. ಆದರೆ ಹೆಸರು ಮಾತ್ರ ಹಳಬನದ್ದೇ ಉಳಿಸಿದ. ಕಲ್ಲಿನ ಮೇಲಿನ ಮಾತನ್ನು ಜನ ನೂರಾರು ವರ್ಷ ನಂಬಿದ್ದರು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಗೋಡೆಯ ಇಟ್ಟಿಗೆಗಳ ಮೇಲಿದ್ದ ಮುದ್ರೆ. ಇದನ್ನು ಹೇಳುವುದಕ್ಕೇ ಹತ್ತು ನಿಮಿಷ ಆಯಿತು. ನಾನು ಗಡಿಯಾರ ನೋಡಿದೆ.

ಒಳಗೆ ಹೋದೆವು. ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ. ನೆಲದಿಂದ ನೆತ್ತಿಗೂ ಅಷ್ಟೇ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ದುಂಡನೆಯ ಬಾಯಿ. ಗಾಜಿಲ್ಲ, ಮುಚ್ಚಳವಿಲ್ಲ, ಬರೀ ಆಕಾಶ. ನಮ್ಮ ಎಂಜಿನಿಯರ್ ಕತ್ತೆತ್ತಿ ನೋಡಿ ಕೇಳಿದರು, "ಸರಳು ಎಲ್ಲಿ ಹಾಕಿದ್ದಾರೆ?"

"ಸರಳೇ ಇಲ್ಲ."

ಅವರಿಗೆ ನಂಬಿಕೆ ಬರಲಿಲ್ಲ. ಇಷ್ಟು ದೊಡ್ಡ ಕಾಂಕ್ರೀಟ್ ಗುಮ್ಮಟ, ಒಳಗೆ ಕಬ್ಬಿಣ ಇಲ್ಲದೆ? ಗೈಡ್ ವಿವರಿಸಿದರು. ಬುಡದಲ್ಲಿ ಗೋಡೆ ಸುಮಾರು 6 ಮೀಟರ್ ದಪ್ಪ. ಮೇಲೆ ಹೋದ ಹಾಗೆ ತೆಳು. ಬಾಯಿಯ ಹತ್ತಿರ ಒಂದೂಕಾಲು ಮೀಟರ್ ಕೂಡ ಇಲ್ಲ. ಕೆಳಗೆ ಭಾರದ ಕಲ್ಲು ಬೆರೆಸಿದ್ದಾರೆ, ಮೇಲೆ ಜ್ವಾಲಾಮುಖಿಯ ಹಗುರ ಕಲ್ಲು. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು.

ಅಷ್ಟರಲ್ಲಿ ಮಳೆ ಬಂತು.

ಆ ಬಾಯಿಯಿಂದ ಮಳೆ ಒಳಗೆ ಬೀಳುವುದೇ ಇಲ್ಲ ಎಂಬ ಒಂದು ಕಥೆ ಇದೆ. ತಂಡದಲ್ಲಿ ಯಾರೋ ಅದನ್ನು ಆಗಷ್ಟೇ ಜೋರಾಗಿ ಹೇಳಿ ಮುಗಿಸಿದ್ದರು. ಮಳೆ ಧಾರಾಳವಾಗಿ ಬಿತ್ತು. ಸುತ್ತ ಎಲ್ಲ ಒಣ, ನಟ್ಟನಡುವೆ ಮಾತ್ರ ನೀರಿನ ಪರದೆ. ಕಾವಲಿನವರು ಬಂದು ನಡುವಿನ ಜಾಗಕ್ಕೆ ಹಗ್ಗ ಕಟ್ಟಿದರು. "ಈಗ ಮೇಲೆ ನೋಡಬೇಡಿ, ನೆಲ ನೋಡಿ" ಎಂದರು ಗೈಡ್. ನೋಡಿದರೆ ಅಮೃತಶಿಲೆಯ ನೆಲ ನಡುವೆ ಸ್ವಲ್ಪ ಉಬ್ಬಿದೆ. ಸುಮ್ನೆ ನಿಂತರೆ ಗೊತ್ತಾಗುವುದಿಲ್ಲ, ನೀರು ಹರಿದಾಗ ಕಾಣುತ್ತದೆ. ಅಲ್ಲಲ್ಲಿ ಸಣ್ಣ ತೂತುಗಳು. ನೀರು ಹರಿದು ಅವುಗಳ ಒಳಗೆ ಇಳಿಯುತ್ತಿತ್ತು. ನಮ್ಮ ಎಂಜಿನಿಯರ್ ಹಗ್ಗದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಒಂದು ಹನಿಯ ಹಿಂದೆ ಬೆರಳು ಓಡಿಸುತ್ತಾ ಅದು ತೂತಿಗೆ ಬೀಳುವವರೆಗೂ ನೋಡಿದರು. ಪಟ್ಟಿ ಯಾವಾಗ ಜೇಬಿಗೆ ಹೋಯಿತೋ ಗೊತ್ತಿಲ್ಲ.

ನಾನು ಮಾತ್ರ ಗೈಡ್ ಹತ್ತಿರ ಹೋಗಿ, "ಇನ್ನೂ ಸ್ಪ್ಯಾನಿಷ್ ಸ್ಟೆಪ್ಸ್ ಇದೆ ಮೇಡಂ" ಎಂದೆ. ಅವರು ಏನೂ ಕೋಪ ಮಾಡಿಕೊಳ್ಳಲಿಲ್ಲ. "ಅಲ್ಲಿಗೆ ಸಂಜೆ ನೀವೇ ಹೋಗಬಹುದು, ಮೆಟ್ಟಿಲು ಹತ್ತುವುದಕ್ಕೆ ಗೈಡ್ ಬೇಕಿಲ್ಲ. ಈ ಮಳೆ ಸಂಜೆವರೆಗೂ ಇರುವುದಿಲ್ಲ" ಎಂದರು. ಐವತ್ತು ನಿಮಿಷ ಅಲ್ಲೇ ಇದ್ದೆವು. ಸಂಜೆ ಮೆಟ್ಟಿಲು ನೋಡಲು ಹೋದವರು ಇಬ್ಬರೇ. ಅಂದಹಾಗೆ, 2019ರಿಂದ ಆ ಮೆಟ್ಟಿಲ ಮೇಲೆ ಕೂರುವುದಕ್ಕೂ ಬಿಡುವುದಿಲ್ಲ!

ಹಾಗಾಗಿ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಿಷ ಬರೆಯಿರಿ. ಮುಕ್ಕಾಲು ಗಂಟೆ ನಿಲ್ಲುವ ಮೂರು ಜಾಗ ಇರುವ ಟೂರ್ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಗೈಡ್ ಬೇಕಾದ ಕಡೆ ಗೈಡ್ ಹೊತ್ತು ಖರ್ಚು ಮಾಡಿ. ಕೊಲೋಸಿಯಮ್‌ನಲ್ಲಿ ಬೇಕು. ಕಮಾನುಗಳ ಮೇಲೆ ರೋಮನ್ ಅಂಕಿ ಕೆತ್ತಿರುವುದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಆ ಕಾಲದಲ್ಲಿ ಕಾಳಗ ನೋಡಲು ಬಂದವರು ಯಾವ ಬಾಗಿಲಲ್ಲಿ ಹೋಗಬೇಕು ಎಂಬ ನಂಬರ್ ಅದು. 23ರಿಂದ 54ರವರೆಗೆ ಇನ್ನೂ ಉಳಿದಿವೆ. ಟ್ರೆವಿ ಕಾರಂಜಿಗೆ ಗೈಡ್ ಬೇಡ. ಬೆಳಗಾಗುವಾಗ ನೀವೇ ಹೋಗಿ, ಆಗ ಜನ ಕಡಿಮೆ.

ಸ್ಟುಡಿಯೊ ಗಾಜಿನ ಆಚೆ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಇನ್ನೂ ಐದಾರು ವಿಷಯ ಇತ್ತು, ಇರಲಿ.

ವ್ಯಾಟಿಕನ್ ವಸ್ತುಸಂಗ್ರಹಾಲಯವನ್ನು ಕೊಲೋಸಿಯಮ್ ನೋಡುವ ದಿನವೇ ತುರುಕಬೇಡಿ. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಅದು ಮುಚ್ಚಿರುತ್ತದೆ. ಅಲ್ಲೇ ಇರುವ, ಚಾವಣಿಯ ಚಿತ್ರಗಳಿಗೆ ಹೆಸರಾದ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್ ಒಳಗೆ ಗೈಡ್ ಮಾತಾಡುವ ಹಾಗಿಲ್ಲ, ಮೊದಲೇ ಹೊರಗೆ ಚಿತ್ರ ತೋರಿಸಿ ಹೇಳುತ್ತಾರೆ. ಆಗ ಐಸ್‌ಕ್ರೀಮ್ ಹುಡುಕಿಕೊಂಡು ಹೋದವರಿಗೆ ಒಳಗೆ ಏನೂ ಅರ್ಥವಾಗುವುದಿಲ್ಲ. ಚರ್ಚುಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಲಿ. ಕೊಲೋಸಿಯಮ್ ಟಿಕೆಟ್ ಮೇಲೆ ನಿಮ್ಮ ಹೆಸರೇ ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. "ಸಾಲಿಲ್ಲದೆ ಪ್ರವೇಶ" ಎಂದರೂ ಭದ್ರತಾ ತಪಾಸಣೆಯ ಸಾಲು ಇದ್ದೇ ಇರುತ್ತದೆ. ಹೊಸ ಚಪ್ಪಲಿ ಬೇಡವೇ ಬೇಡ. ಅಲ್ಲಿನ ಬೀದಿಗೆ ಹಾಸಿರುವ ಕರಿಕಲ್ಲು ಕಾಲನ್ನು ಸುಮ್ಮನೆ ಬಿಡುವುದಿಲ್ಲ.

ಬಾಯಾರಿದರೆ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ನಾಸೋನಿ ಎಂಬ ಕಬ್ಬಿಣದ ನಲ್ಲಿಗಳಿವೆ. ದೊಡ್ಡ ಮೂಗು ಅಂತ ಅರ್ಥ. ತಣ್ಣನೆ ಒಳ್ಳೆ ನೀರು, ದುಡ್ಡಿಲ್ಲ. ಬಗ್ಗಿ ಕುಡಿಯಬೇಕಾಗಿಯೂ ಇಲ್ಲ. ಕೊಳವೆಯ ತುದಿಯನ್ನು ಬೆರಳಿಂದ ಒತ್ತಿ ಹಿಡಿಯಿರಿ, ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಮೊದಲೇ ಹೇಳಿಬಿಡಿ.

ನಮಸ್ಕಾರ.